ಬೋಧುವನ್ನು ಯಾರ ಹೆಸರಿಗೆ ಬರೆಯುವುದು

"ಟೀಚರ್, ಆ ಮನಿ ಪೂರ್ತಿ ನಿಮ್ಮದಲ್ಲರಿ," ಎಂದ ವಕೀಲ ನವೀದ.

ಮಥುರಾಬಾಯಿಗೆ ಮೊದಲು ನಗು ಬಂತು. ಗಂಡ ಇಳಕಲ್ಲಿನಲ್ಲಿ ಜಾಗ ಕೊಂಡು ಆ ಮನೆ ಕಟ್ಟಿಸುವಾಗ ಹಸಿ ಗೋಡೆಗಳಿಗೆ ಬೆಳಿಗ್ಗೆ ಸಂಜೆ ನೀರು ಹೊಡೆದವಳು ಅವಳು. ಅವರು ತೀರಿಕೊಂಡ ಮೇಲೆ ವರ್ಷವರ್ಷ ಕರ ಕಟ್ಟಿದವಳೂ ಅವಳೇ. ಈಗ ಈ ಹುಡುಗ, ಎರಡನೆಯ ಇಯತ್ತೆಯಲ್ಲಿ ಅವಳ ಕೈಯಲ್ಲೇ ಮಗ್ಗಿ ಕಲಿತವನು, ಏಳರ ಮಗ್ಗಿ ಬಂದಾಗಲೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದವನು, ಕರಿ ಕೋಟು ಹಾಕಿಕೊಂಡು ಮೇಜಿನ ಆಚೆ ಕುಳಿತು ಮನೆ ನಿಮ್ಮದಲ್ಲ ಎನ್ನುತ್ತಾನೆ.

"ನಗಬ್ಯಾಡ್ರಿ. ಸರ್ ಮೃತ್ಯುಪತ್ರ ಬರೀದನ ಹೋದ್ರು. ಹಂಗ ಹೋದ್ರ ಹೆಂಡ್ತಿಗೊಂದು, ಮಗನಿಗೊಂದು, ಮಗಳಿಗೊಂದು, ಮೂರು ಸಮ ಪಾಲು. ಅವರು ಕಣ್ಣು ಮುಚ್ಚಿದ ದಿನಾನ ಮನಿ ಹಂಚಿ ಹೋಗೇತಿ. ನೀವು ಬರದು ಕೊಡಾಕ ಬರೋದು ನಿಮ್ಮ ಒಂದು ಪಾಲು ಅಷ್ಟ."

"ನಗರಸಭಾ ಖಾತೆ ಉತಾರದಾಗ ಕಾಕುನ ಹೆಸರು ಒಂದ ಅದಲ್ಲಪಾ," ಎಂದ ಪಕ್ಕದ ಕುರ್ಚಿಯಲ್ಲಿದ್ದ ವ್ಯಾಸರಾಜ. ಅವನು ಮಥುರಾಬಾಯಿಯ ಗಂಡನ ಅಣ್ಣನ ಮಗ. ಹುನಗುಂದದ ಒಂದು ಸಹಕಾರಿ ಬ್ಯಾಂಕಿನಲ್ಲಿ ಕಾರಕೂನ.

"ಅದು ಕರ ತುಂಬಾಕ ಹಾಕಿದ ಹೆಸರ್ರಿ, ರಾಯರ. ನಮ್ಮ ಮನಿ ಲೈಟ್ ಬಿಲ್ಲು ಇನ್ನೂ ನಮ್ಮ ಮುತ್ಯಾನ ಹೆಸರಿಗೆ ಬರ್ತೈತಿ. ಅವ್ರೇನು ಎದ್ದು ಬಂದು ತುಂಬತಾರೇನು?"

ವ್ಯಾಸರಾಜ ನಗಲಿಲ್ಲ. "ಶುಭದಾ ಹಕ್ಕು ಬಿಟ್ಟುಕೊಡ್ತಾಳ. ಕೊಟ್ಟ ಮನಿಯೊಳಗ ಚಂದ ಇದ್ದಾಳ, ಆಕಿಗೇನು ಕಡಿಮಿ ಅದ. ಬೋಧೂನೂ ಹೆಬ್ಬೆಟ್ಟು ಒತ್ತತಾನ. ಬೆರಳಿಗೆ ಶಾಯಿ ಹಚ್ಚಿದ್ರ ಅವಗ ಹಬ್ಬ."

ನವೀದ ಪೆನ್ನು ಕೆಳಗಿಟ್ಟ. "ತಿಳೀದವರ ಹೆಬ್ಬೆಟ್ಟು ಹೆಬ್ಬೆಟ್ಟಲ್ಲರಿ. ಅಂಥಾ ಕಾಗದ ಮಾಡಿದ್ರ ಮೊದಲು ನಾ ಒಳಗ ಹೋಗ್ತೇನಿ, ನನ್ನ ಹಿಂದ ನೀವು."

ಬೋಧು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ. ತೆರೆದ ಬಾಗಿಲಿನಿಂದ ಅವನ ಮೊಣಕಾಲು ಮತ್ತು ಅದರ ಮೇಲೆ ತಾಳ ಹಾಕುತ್ತಿದ್ದ ಬೆರಳು ಮಾತ್ರ ಮಥುರಾಬಾಯಿಗೆ ಕಾಣುತ್ತಿದ್ದವು. ಸತ್ಯಬೋಧ ಎಂದು ಹೆಸರಿಟ್ಟದ್ದು, ಎಲ್ಲರಿಗೂ ಬೋಧು. ನಲವತ್ತು ದಾಟಿದ್ದರೂ ಅವನ ಬುದ್ಧಿ ಎಂಟು ವರ್ಷದ ಹತ್ತಿರ ಎಲ್ಲೋ ನಿಂತು, ಅಲ್ಲೇ ಆಟವಾಡುತ್ತಿತ್ತು. ಹಾಲು ಉಕ್ಕಿದರೆ ಹೇಳುತ್ತಾನೆ, ಗ್ಯಾಸ್ ಆರಿಸಲು ಅಂಜುತ್ತಾನೆ. ಹಲ್ಲುಜ್ಜುತ್ತಾನೆ, ಎದುರಿಗೆ ಯಾರಾದರೂ ನಿಂತಿದ್ದರೆ. ಕ್ಷೌರದ ಅಂಗಡಿಯೆಂದರೆ ಅವನಿಗೆ ಆಗದು. ಹಾಗಾಗಿ ಭಾನುವಾರಕ್ಕೊಮ್ಮೆ ಮಥುರಾಬಾಯಿಯೇ ಅವನನ್ನು ಅಂಗಳದಲ್ಲಿ ಕೂರಿಸಿ, ಸಣ್ಣ ಕತ್ತರಿಯಿಂದ ಮೀಸೆ ಸರಿಮಾಡಿ ಕನ್ನಡಿ ಹಿಡಿಯುತ್ತಾಳೆ. "ಹೆಡ್‌ಮಾಸ್ತರ್ ಕಂಡಂಗ ಕಾಣ್ತಿ ನೋಡು," ಎಂದರೆ ಆ ದಿನವೆಲ್ಲ ಮೀಸೆ ಮುಟ್ಟಿಕೊಳ್ಳುತ್ತ ಓಡಾಡುತ್ತಾನೆ.

ಹೋದ ತಿಂಗಳು ಬಾಗಲಕೋಟೆಯಲ್ಲಿದ್ದ ಮಗಳು ಶುಭದಾ ಮಥುರಾಬಾಯಿಯನ್ನು ಅಲ್ಲಿಯ ಹೃದಯದ ಡಾಕ್ಟರರಿಗೆ ತೋರಿಸಿದ್ದಳು. ಆ ಡಾಕ್ಟರು ಒಳ್ಳೆಯವರು. ಭಯಪಡಿಸದೆ, ಸುಳ್ಳೂ ಹೇಳದೆ, ಎದೆಯ ಬಲ ಬಹಳ ಕಡಿಮೆಯಾಗಿದೆ ಎಂದಷ್ಟೇ ಹೇಳಿದರು. ಬರುವಾಗ ಶುಭದಾ ಕಾರಿನಲ್ಲಿ, ಎದುರಿನ ರಸ್ತೆ ನೋಡುತ್ತಲೇ, "ಮುಂದ ಬೋಧೂಂದು ಹೆಂಗವಾ?" ಎಂದು ಕೇಳಿದ್ದಳು. "ನೀ ಅದರ ಚಿಂತಿ ಮಾಡಬ್ಯಾಡ. ಎಲ್ಲಾ ವ್ಯವಸ್ಥಾ ಮಾಡೇನಿ," ಎಂದಿದ್ದಳು ಮಥುರಾಬಾಯಿ.

ಅವಳು ಮಾಡಿದ್ದ ವ್ಯವಸ್ಥೆಯೆಂದರೆ ವ್ಯಾಸರಾಜ.

ಗಂಡ ತೀರಿಕೊಂಡಾಗ ಬೋಧುವಿನ ತಲೆ, ಮೀಸೆ ಬೋಳಿಸಿ ಒದ್ದೆ ಪಂಚೆಯಲ್ಲಿ ಕೂರಿಸಿದ್ದರು. ಪುರೋಹಿತರು ಹೇಳಿಕೊಟ್ಟ ಮಂತ್ರದ ಮೊದಲ ಶಬ್ದವೇ ಅವನ ನಾಲಿಗೆಯಲ್ಲಿ ತಿರುಗಲಿಲ್ಲ. ಆಗ ಅವರು ಅವನ ಕೈಯ ದರ್ಭೆಯನ್ನು ವ್ಯಾಸರಾಜನಿಗೆ ಕೊಡಿಸಿದರು. ಹಾಗೆ ದರ್ಭೆ ಕೊಟ್ಟರೆ, ಮಗನ ಪರವಾಗಿ ಅದನ್ನು ಹಿಡಿದವನು ಎಲ್ಲವನ್ನೂ ಮಾಡಬಹುದು. ವ್ಯಾಸರಾಜ ಮಾಡಿದ. ಹದಿಮೂರು ದಿನ ಮಾಡಿದ, ಆಮೇಲೆ ಪ್ರತಿ ವರ್ಷದ ಶ್ರಾದ್ಧಕ್ಕೂ ಬಂದ. ಒಂದು ಸಲ ಜ್ವರದಲ್ಲಿ ನಡುಗುತ್ತ ಬಂದು, ತಣ್ಣೀರಿನಲ್ಲಿ ಮಿಂದು ಕುಳಿತಿದ್ದ. ಪಿಂಡವನ್ನು ಗೋಡೆಯ ಮೇಲಿಟ್ಟು ಕಾಗೆ ಬರುವವರೆಗೂ ಅವನು ಕಾಯುತ್ತಿದ್ದರೆ, ಬೋಧು ಪಕ್ಕದಲ್ಲಿ ನಿಂತು ಅವನಿಗಿಂತ ಹೆಚ್ಚು ಆಸೆಯಿಂದ ಆಕಾಶ ನೋಡುತ್ತಿದ್ದ. "ಅಪ್ಪಾ, ಬಾ," ಎಂದು ವ್ಯಾಸರಾಜ ಬೋಧುವಿನ ಪರವಾಗಿ ಕರೆಯುತ್ತಿದ್ದ. ಕಾಗೆ ಬರುತ್ತಿತ್ತು.

ಪಿಂಡ ಹಾಕಿದವರಿಗೆ ಮನೆ ಎಂಬ ಮಾತನ್ನು ಮಥುರಾಬಾಯಿ ತನ್ನ ಅತ್ತೆಯಿಂದ ಕೇಳಿದ್ದಳು, ಅತ್ತೆ ಅವರ ಅತ್ತೆಯಿಂದ. ಹಾಗಾಗಿ ಮನೆ ವ್ಯಾಸರಾಜನದು, ಮನೆಯ ಜೊತೆಗೆ ಬೋಧುವೂ ಅವನಿಗೆ ಎಂದು ಅವಳು ಮನಸ್ಸಿನಲ್ಲೇ ಬರೆದಿಟ್ಟಿದ್ದಳು. ವ್ಯಾಸರಾಜನೂ ಹಾಗೆಯೇ ತಿಳಿದಿದ್ದ. ಅದರಲ್ಲಿ ಕಪಟವೇನೂ ಇರಲಿಲ್ಲ.

"ಹಂಗಾದ್ರ ಪಿಂಡದಾನಕ್ಕ ಕಾನೂನಿನೊಳಗ ಏನೂ ಇಲ್ಲೇನು?" ಎಂದು ಅವಳು ಕೇಳಿದಳು.

"ನಮ್ಮ ಕಾನೂನಿನಾಗ ಕಾಗಿಗೆ ಸಾಕ್ಷಿ ಹೇಳಾಕ ಬರಂಗಿಲ್ಲರಿ, ಟೀಚರ್." ಹೇಳಿದ ಮೇಲೆ ನವೀದನಿಗೇ ಆ ಮಾತು ಹಗುರಾಯಿತು ಅನಿಸಿರಬೇಕು, ದನಿ ತಗ್ಗಿಸಿದ. "ನೋಡ್ರಿ, ನಿಮ್ಮ ಪಾಲು ಯಾರಿಗೆ ಬೇಕಾದ್ರೂ ಬರೀರಿ, ನಾಳೇನ ಬರಕೊಡ್ತೇನಿ. ಆದ್ರ ಬೋಧಣ್ಣನ್ನ ಯಾರ ಹೆಸರಿಗಂತ ಬರೀತೀರಿ? ಅವಂದೇನು ಉತಾರ ಐತೇನು? ಅದು ಮನಿ ನೋಡಿ ಬರಿಯೋದಲ್ಲ. ಮಂದೀನ್ನ ನೋಡಿ ಬರಿಯೋದು."

ಆ ಮಾತು ಮಥುರಾಬಾಯಿಯ ಎದೆಯಲ್ಲಿ ಕುಳಿತುಬಿಟ್ಟಿತು. ಹೊರಗೆ ಬಂದವಳೇ, ಸ್ಕೂಟರ್ ಹತ್ತಲು ಹೊರಟಿದ್ದ ವ್ಯಾಸರಾಜನನ್ನು ತಡೆದಳು.

"ವ್ಯಾಸಾ, ಬೋಧೂನ್ನ ಒಂದು ವಾರ ನಿಮ್ಮ ಮನಿಗೆ ಕರಕೊಂಡು ಹೋಗ್ತೀ?"

"ಒಂದು ವಾರ ಯಾಕ ಕಾಕು, ಒಂದು ತಿಂಗಳು ಇರಲಿ."

"ನಾ ಬರೂದಿಲ್ಲ. ಫೋನೂ ಮಾಡೂದಿಲ್ಲ. ನಾ ಇಲ್ಲಂತನ ತಿಳಕೋರಿ."

ವ್ಯಾಸರಾಜನಿಗೆ ಅರ್ಥವಾಯಿತು. ಅವನು ತಲೆಯಾಡಿಸಿದ, ಆದರೆ ಅವಳ ಮುಖ ನೋಡಲಿಲ್ಲ.

ಹೋಗುವ ದಿನ ಬೋಧು ಬಹಳ ಖುಷಿಯಲ್ಲಿದ್ದ. ಸ್ಕೂಟರ್ ಹಿಂದೆ ಕೂರುವುದು ಅವನಿಗೆ ಇಷ್ಟ. ಮಥುರಾಬಾಯಿ ವ್ಯಾಸರಾಜನ ಹೆಂಡತಿ ಮೃಣಾಲಿನಿಗೆ ಫೋನಿನಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿದಳು. ರೊಟ್ಟಿ ಚೂರು ಮಾಡಿ ಕೊಡಬೇಕು. ಸ್ನಾನದ ನೀರು ಬಿಸಿ ಇದೆಯೋ ಇಲ್ಲವೋ ಮುಟ್ಟಿ ನೋಡಬೇಕು, ಅವನು ಸುಟ್ಟರೂ ಹೇಳುವುದಿಲ್ಲ. ಮಿಕ್ಸರ್ ಹಾಕುವ ಮೊದಲು ಹೇಳಬೇಕು, ಇಲ್ಲದಿದ್ದರೆ ಬೆಚ್ಚುತ್ತಾನೆ. "ಎಲ್ಲಾ ತಿಳೀತ್ರಿ ಕಾಕು, ನಾ ಎರಡು ಹುಡುಗ್ರನ್ನ ಬೆಳಿಸೀನಿ," ಎಂದಳು ಮೃಣಾಲಿನಿ. ಸೊಲ್ಲಾಪುರದ ಕಡೆಯ ಹುಡುಗಿ. ಮಾತು ಚುರುಕು, ಮನಸ್ಸು ಕೆಟ್ಟದ್ದಲ್ಲ.

ತಾನು ಸತ್ತ ಮೇಲೆ ಹೇಗೆ ಎಂದು ತಿಳಿಯಲು ಬದುಕಿದ್ದಾಗಲೇ ಒಂದಷ್ಟು ದಿನ ಸಾಯಬೇಕಾಗುತ್ತದೆ ಎಂದು ಮಥುರಾಬಾಯಿ ಯಾವತ್ತೂ ಅಂದುಕೊಂಡಿರಲಿಲ್ಲ. ಮೊದಲ ದಿನ ಎರಡು ತಾಟು ಹಾಕಿ ಒಂದನ್ನು ತೆಗೆದಿಟ್ಟಳು. ಬಚ್ಚಲ ಬಾಗಿಲನ್ನು ತೆರೆದೇ ಬಿಡುವ ರೂಢಿ, ಬೋಧು ಒಳಗೆ ಜಾರಿದರೆ ಕಾಣಲೆಂದು. ಈಗ ಅದನ್ನು ಮುಚ್ಚಿದರೂ ಒಂದೇ, ತೆರೆದರೂ ಒಂದೇ. ಫೋನಿನ ಹತ್ತಿರ ಹೋಗಿ ಹೋಗಿ ಬಂದಳು.

ಮನೆಯ ಮುಂಭಾಗದ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದವಳು ಶಹರಬಾನು, ನವೀದನ ಚಿಕ್ಕಮ್ಮ. ಅಂಗಡಿಯವರ ಸೀರೆಗಳ ಸೆರಗಿಗೆ ಗೊಂಡೆ ಕಟ್ಟುವುದು ಅವಳ ಕೆಲಸ. ಬೋಧು ದಿನಾ ಅವಳೆದುರು ಕುಳಿತು ದಾರಗಳನ್ನು ಬಣ್ಣಬಣ್ಣ ಬೇರೆ ಮಾಡುತ್ತಿದ್ದ, ಮುಕ್ಕಾಲು ಪಾಲು ತಪ್ಪಾಗಿ.

"ಏನ್ರಿ ಬಾಯಾರ, ನನ್ನ ಮ್ಯಾನೇಜರ್‌ನ ಎಲ್ಲಿ ಕಳಿಸೀರಿ?" ಎಂದು ಅವಳು ಮೂರನೆಯ ದಿನ ಬಾಗಿಲಲ್ಲಿ ನಿಂತು ಕೇಳಿದಳು. "ಅಂವ ಇದ್ರ ದಾರ ಸಿಕ್ಕಾಗತಾವು, ಅಂವ ಇಲ್ದಿದ್ರ ಕೈ ಓಡವಲ್ದು. ಇದೆಂಥಾ ರೋಗಾರಿ ನನಗ?"

"ಹುನಗುಂದಕ್ಕ ಹೋಗ್ಯಾನ. ರೂಢಿ ಆಗಬೇಕಲ್ಲ."

"ಅವಂಗೋ, ನಿಮಗೋ?"

ಶಹರಬಾನು ಮಥುರಾಬಾಯಿಯ ಮುಖ ನೋಡಿ ಒಂದು ಲೋಟ ಚಹಾ ತಂದಿಟ್ಟು ಹೋದಳು.

ಭಾನುವಾರ ಬೆಳಿಗ್ಗೆ ಮೃಣಾಲಿನಿಯೇ ಫೋನ್ ಮಾಡಿದಳು. "ಕಾಕು, ಮಾಡಬಾರದಂದ್ರಿ, ಖರೆ. ಆದ್ರ ಇವ ಊಟಾನ ಮಾಡವಲ್ಲ. ಹಾಕಿದ ಅನ್ನ ಎಲ್ಲಾ ಒಯ್ದು ಕಾಗಿಗೆ ಇಡ್ತಾನ. ಬೈದ್ರ ಅಳ್ತಾನ. ಹಾಸಿಗಿ ಬಿಟ್ಟು ನೆಲದ ಮ್ಯಾಲ ಮಲಗ್ತಾನ. ನಾ ಏನ್ ಮಾಡ್ಲಿರಿ?"

ಮಥುರಾಬಾಯಿ ಒಲೆಯ ಮೇಲಿದ್ದ ಸಾರನ್ನು ಇಳಿಸಿ, ಉಟ್ಟ ಸೀರೆಯಲ್ಲೇ ಹುನಗುಂದದ ಬಸ್ಸು ಹತ್ತಿದಳು.

ವ್ಯಾಸರಾಜನ ಮನೆ ಹೊಸ ಬಡಾವಣೆಯಲ್ಲಿ. ಗೇಟು ತೆರೆದಿತ್ತು, ಒಳಗೆ ಮಿಕ್ಸರಿನ ಸದ್ದು. ಆ ಸದ್ದು ನಿಂತ ಕೂಡಲೇ ಹಿತ್ತಲಿನಿಂದ ಬೋಧುವಿನ ದನಿ ಕೇಳಿಸಿತು.

"ಅವ್ವಾ, ಬಾ. ಅವ್ವಾ, ಬಾ. ತಿನ್ನ ಬಾ."

ಮಥುರಾಬಾಯಿಗೆ ಎದೆ ತುಂಬಿ ಬಂತು. ತಾನು ಬಂದದ್ದು ಇವನಿಗೆ ಹೇಗೆ ಗೊತ್ತಾಯಿತು ಎಂದುಕೊಳ್ಳುತ್ತ ಮನೆಯ ಪಕ್ಕದ ಸಂದಿಯಲ್ಲಿ ಅವಸರದಿಂದ ಹಿಂದಕ್ಕೆ ನಡೆದಳು.

ಹಿತ್ತಲ ಗೋಡೆಯ ಹತ್ತಿರ ಯಾರೋ ಬೋಳುತಲೆಯವನು ಬೆನ್ನು ಮಾಡಿ ನಿಂತಿದ್ದ. ಗೋಡೆಯ ಮೇಲೆ ಒಂದು ಎಲೆ, ಎಲೆಯ ಮೇಲೆ ಅನ್ನದ ಉಂಡೆ. ಲೈಟಿನ ಕಂಬದ ಮೇಲೆ ಒಂದು ಕಾಗೆ ಕತ್ತು ಓರೆ ಮಾಡಿ ಕೆಳಗೆ ನೋಡುತ್ತಿತ್ತು. ಆ ಮನುಷ್ಯ ಕೈ ಎರಡೂ ಮುಗಿದುಕೊಂಡು, ಕಂಬದ ಕಡೆ ಮುಖ ಎತ್ತಿ, ಮತ್ತೆ ಕರೆದ. "ಅವ್ವಾ, ಬಾ."

ಅವಳ ಹೆಜ್ಜೆಯ ಸದ್ದಿಗೆ ಅವನು ತಿರುಗಿದ. ಬೋಧುವೇ. ಮೀಸೆ ಇರಲಿಲ್ಲ.

ತೀರಿಕೊಂಡವರು ಯಾರು ಎಂದು ಒಂದು ಗಳಿಗೆ ಮಥುರಾಬಾಯಿಯ ಬುದ್ಧಿ ಹುಡುಕತೊಡಗಿತು. ಅವಳ ಮನೆತನದಲ್ಲಿ ಗಂಡುಮಗನ ತಲೆಯೂ ಮೀಸೆಯೂ ಕೂಡಿ ಹೋಗುವುದು ಎರಡು ಸಲ. ತಂದೆಗೆ ಒಮ್ಮೆ, ತಾಯಿಗೆ ಒಮ್ಮೆ. ತಂದೆ ಆಗಲೇ ಹೋಗಿದ್ದರು. ಹಾಗಾದರೆ ಇದು ತನಗೆ.

ಬೋಧು ಓಡಿ ಬರಲಿಲ್ಲ. ಅವಳನ್ನು ನೋಡಿದ, ಕಾಗೆಯನ್ನು ನೋಡಿದ, ಮತ್ತೆ ಅವಳನ್ನು ನೋಡಿದ. ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಮೆಲ್ಲಗೆ, ಮನೆಗೆ ಬಂದ ದೊಡ್ಡವರನ್ನು ವಿಚಾರಿಸುವ ಹಾಗೆ ಕೇಳಿದ.

"ತಿಂದೀ?"

"ಬೋಧೂ, ನಾನೋ. ಅವ್ವ."

"ಹೂಂ. ಬಂದಿ." ಅವನು ಬೆರಳು ಚಾಚಿ ಅವಳ ಮುಂಗೈ ಮುಟ್ಟಿದ. ಬಿಸಿಯಾಗಿತ್ತೋ ಏನೋ, ಇನ್ನೊಮ್ಮೆ ಮುಟ್ಟಿದ. ಆಗ ಅವನ ಅಳುವಿನ ಕಟ್ಟೆ ಒಡೆಯಿತು. ಅವಳ ಭುಜಕ್ಕೆ ತಲೆ ಒತ್ತಿ, ಎಷ್ಟೋ ದಿನ ತಡೆದಿಟ್ಟುಕೊಂಡದ್ದನ್ನೆಲ್ಲ ಅತ್ತ. ಬೋಳು ತಲೆಯ ಮೇಲೆ ಬೆವರುಗುಳ್ಳೆಗಳು. ಅವಳು ಅವುಗಳ ಮೇಲೆ ಅಂಗೈ ಇಟ್ಟಳು.

ಗದ್ದಲ ಕೇಳಿ ವ್ಯಾಸರಾಜ, ಮೃಣಾಲಿನಿ ಇಬ್ಬರೂ ಹೊರಗೆ ಬಂದರು.

"ಅಯ್ಯ, ಕಾಕು! ಯಾವಾಗ ಬಂದ್ರಿ?"

"ಮೀಸಿ ಯಾಕ ತಗಿಸಿದ್ರಿ?"

ವ್ಯಾಸರಾಜ ಕಕ್ಕಾಬಿಕ್ಕಿಯಾದ. "ತಲಿತುಂಬ ಬೆವರುಗುಳ್ಳಿ ಎದ್ದಿದ್ದವು ಕಾಕು. ಕೂದಲಾ ತಗಸೋಣಂತ ಅಂಗಡಿಗೆ ಕರಕೊಂಡು ಹೋದೆ. ಮೀಸಿ ಸಣ್ಣ ಮಾಡೋ ಮುಂದ ಇವ ಕೊಸರಾಡಿದ, ಒಂದು ಬಾಜು ಹೋಗೇಬಿಡ್ತು. ಅರ್ಧ ಮೀಸಿ ಇಟ್ಟು ಏನ್ ಮಾಡೋದಂತ ಪೂರ್ತಿ ತಗಸಿದೆ."

"ತಾಯಿ ಜೀವಂತ ಇದ್ದಾಗ…"

"ಈಗ ಯಾರು ನೋಡ್ತಾರ ಕಾಕು ಅದನ್ನ? ನಾ ನಮ್ಮವ್ವ ಇದ್ದಾಗೂ ದಿನಾ ತಗೀತಿದ್ದೆ." ಅವನು ನುಣ್ಣಗಿನ ಮೇಲ್ದುಟಿಯ ಮೇಲೆ ಬೆರಳಾಡಿಸಿದ. ಹೌದು, ಅವನು ಯಾವತ್ತೂ ಮೀಸೆ ಬಿಟ್ಟವನಲ್ಲ. ಅದು ಅವಳಿಗೆ ಗೊತ್ತಿದ್ದ ಸಂಗತಿಯೇ. ನೀರಿನ ಬಿಸಿಯ ತನಕ ಎಲ್ಲ ಹೇಳಿ, ಇದೊಂದನ್ನು ಅವಳು ಹೇಳಿರಲಿಲ್ಲ. ತಮ್ಮವರ ಮನೆಯಲ್ಲಿ ಇದನ್ನು ಯಾರು ಯಾರಿಗೆ ಹೇಳಬೇಕು?

"ಅವ ಏನೂ ಕೇಳಲಿಲ್ಲೇನು?"

ಮೃಣಾಲಿನಿ ಸೆರಗಿನ ತುದಿ ಬೆರಳಿಗೆ ಸುತ್ತಿದಳು. "ಕೇಳಿದಾರಿ. ಅಂಗಡಿಯಿಂದ ಬಂದಾವನ, ಅವ್ವ ಎಲ್ಲೆ ಅಂದ. ಇನ್ನ ಅವ್ವ ಇಲ್ಲ, ನಾವ ನಿನಗ ಅವ್ವ ಅಪ್ಪ ಅಂದೆ. ನಗಕೋತ ಚಾಷ್ಟಿಗೆ ಅಂದೇರಿ ಕಾಕು. ರೂಢಿ ಆಗಲಂತ. ಅವಾಗಿಂದ…" ಅವಳು ಗೋಡೆಯ ಮೇಲಿನ ಎಲೆಯನ್ನು ಈಗ ಮೊದಲ ಸಲ ನೋಡಿದವಳಂತೆ ನೋಡಿದಳು. ಕೈ ಬಾಯಿಗೆ ಹೋಯಿತು.

ವ್ಯಾಸರಾಜನಿಗೂ ತಿಳಿಯಿತು. ಅವನು ಹಿತ್ತಲ ಮೆಟ್ಟಿಲ ಮೇಲೆ ಕುಳಿತ. ಗೋಡೆಯ ಮೇಲೆ ಎಲೆ ಇಡುವುದನ್ನು, ಕೈಮುಗಿದು ಕರೆಯುವುದನ್ನು ಬೋಧು ಕಲಿತದ್ದು ಅವನನ್ನು ನೋಡಿಯೇ.

"ಇವಗ ಇಷ್ಟು ತಿಳೀತದಂತ ನನಗ ಗೊತ್ತಿದ್ದಿಲ್ಲ ಕಾಕು."

"ನನಗೂ ಗೊತ್ತಿದ್ದಿಲ್ಲೋ," ಎಂದಳು ಮಥುರಾಬಾಯಿ. ಅದು ಖರೆ.

ಮೃಣಾಲಿನಿ ಊಟ ಮಾಡಿಯೇ ಹೋಗಬೇಕೆಂದು ಕಣ್ಣೀರು ಹಾಕಿದಳು. ಮಥುರಾಬಾಯಿ ಕುಳಿತಳು. ಬೋಧು ಅವಳಿಗೆ ಒತ್ತಿಕೊಂಡು ಕುಳಿತು ಮೂರು ಸಲ ಅನ್ನ ಹಾಕಿಸಿಕೊಂಡ. ಪ್ರತಿ ತುತ್ತಿಗೂ ಅವಳು ತಿನ್ನುತ್ತಿದ್ದಾಳೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದ. ಬಸ್‌ಸ್ಟ್ಯಾಂಡಿನಲ್ಲಿ ವ್ಯಾಸರಾಜ ಚೀಲ ಕೊಡುತ್ತ, "ನಾ ಕೆಟ್ಟಾವ ಅಲ್ಲ ಕಾಕು," ಎಂದ.

"ಯಾರಂದ್ರೋ ಹಂಗ? ನೀ ಇಲ್ದಿದ್ರ ನಿಮ್ಮ ಕಾಕಾನ ಕೆಲಸ ನಿಲ್ತಿತ್ತು. ಶ್ರಾದ್ಧಕ್ಕ ಬಾ. ಮಂತ್ರ ನೀ ಹೇಳು, ದರ್ಭಿ ಇವ ಹಿಡೀಲಿ." ಅವಳು ಸ್ವಲ್ಪ ತಡೆದು ಹೇಳಿದಳು, "ಮನಿ ವಿಷಯ ಬಿಟ್ಟುಬಿಡು. ಅದು ನನ್ನ ತಪ್ಪು ತಿಳವಳಿಕಿ."

ಅವನ ಮುಖ ಕೆಂಪಾಯಿತು. ಸಿಟ್ಟೋ ನಾಚಿಕೆಯೋ ಅವಳಿಗೆ ತಿಳಿಯಲಿಲ್ಲ. ಇಷ್ಟು ವರ್ಷ ತನ್ನದೆಂದುಕೊಂಡ ಮನೆ, ಎರಡೂ ಇರಬಹುದು. ಬಸ್ಸು ಹೊರಟಾಗ ಅವನು ಕೈ ಎತ್ತಲಿಲ್ಲ.

ಸಂಜೆ ಶುಭದಾಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಳು. ಮರುದಿನವೇ ಶುಭದಾ ಶಾಲೆಗೆ ರಜೆ ಹಾಕಿ ಬಂದಳು. ಬಂದವಳು ಅಣ್ಣನ ಬೋಳು ತಲೆ ಸವರಿ, ಅವನಿಗೊಂದು ಚಿಕ್ಕಿ ಕೊಟ್ಟು ಶಹರಬಾನುವಿನ ಹತ್ತಿರ ಕಳಿಸಿದಳು. ಆಮೇಲೆ ಅಡಿಗೆ ಮನೆಗೆ ಬಂದು ಮಣೆ ಎಳೆದುಕೊಂಡು ಚಪಾತಿ ಲಟ್ಟಿಸಲು ಕುಳಿತಳು. ಸಿಟ್ಟು ಬಂದಾಗ ಅವಳ ಚಪಾತಿ ಯಾವತ್ತೂ ದುಂಡಗೆ ಬರುವುದಿಲ್ಲ.

"ಹುನಗುಂದದವರಿಗೆ ಕೇಳಿದಿ. ವಕೀಲಗ ಕೇಳಿದಿ. ನಿನ್ನ ಬಾಡಿಗಿದಾಕಿಗೂ ಎಲ್ಲಾ ಗೊತ್ತದ. ನನಗೊಬ್ಬಾಕಿಗೆ ಕೇಳಲಿಲ್ಲ."

"ನೀ ಕೊಟ್ಟ ಮನಿ ಹೆಣ್ಣುಮಗಳವಾ. ನಿನ್ನ ಅತ್ತಿ, ನಿನ್ನ ಸಾಲಿ, ಹುಡುಗ್ರು. ಇವನ ಭಾರ ನಿನ್ನ ಮ್ಯಾಲ ಬೀಳಬಾರದಂತ ನೀ ಹುಟ್ಟಿದ ದಿನದಿಂದ ದೇವರಿಗೆ ಬೇಡಕೊಂಡೇನಿ."

"ಅದನ್ನ ಬೇಡಕೊಳ್ಳೋ ಮುಂದರ ನನಗೊಂದು ಮಾತು ಕೇಳಬೇಕಿತ್ತು. ಅವ ನಿನಗ ಮಗ. ನನಗ ಏನೂ ಅಲ್ಲೇನು?" ಶುಭದಾ ಲಟ್ಟಣಿಗೆ ಬಿಟ್ಟಳು. "ನಾ ಬ್ಯಾಡ ಅಂತಿದ್ನೋ ಏನೋ, ಅದೂ ಗೊತ್ತಿಲ್ಲ. ಆದ್ರ ಕೇಳಬೇಕಿತ್ತು."

ಮಥುರಾಬಾಯಿ ತವದ ಮೇಲಿನ ಚಪಾತಿ ತಿರುವಿದಳು. ಉಬ್ಬಿ ಬಂದದ್ದನ್ನು ಒತ್ತಿದಳು. ಇಷ್ಟು ವರ್ಷ ಯಾರಿಂದ ಯಾರನ್ನು ಕಾಯುತ್ತಿದ್ದೆ ಎಂದು ಅವಳಿಗೇ ಸೋಜಿಗವಾಯಿತು. ಈ ಮನೆಯಲ್ಲಿ ಮೂರರಲ್ಲಿ ಒಂದು ಪಾಲು ಇವಳದು ಎಂದು ಕಾನೂನಿಗೆ ಗೊತ್ತಿತ್ತು, ತನಗೆ ಗೊತ್ತಿರಲಿಲ್ಲ.

"ಈಗ ಕೇಳ್ತೇನಿ. ಬೋಧೂನ್ನ ಇಟಗೋತೀ?"

ಶುಭದಾ ಹಿಟ್ಟಿನ ಕೈಯನ್ನು ನೋಡಿಕೊಂಡಳು. "ನಮ್ಮ ಅತ್ತಿಯವರು ಏನಂತಾರೋ ಗೊತ್ತಿಲ್ಲ. ಇವರು ಹೂಂ ಅಂತಾರ, ಆದ್ರ ಒಳಗೊಳಗ ಏನ್ ಅನಸ್ತದೋ ಗೊತ್ತಿಲ್ಲ. ಇವತ್ತ ನಾ ಹೂಂ ಅಂತೇನಿ. ಹತ್ತು ವರ್ಷದ ಮ್ಯಾಲ ನಾ ಎಂಥಾಕಿ ಆಗಿರ್ತೇನೋ, ಅದು ನನಗೂ ಗೊತ್ತಿಲ್ಲವಾ. ಮೃಣಾಲಿನಿಯಷ್ಟು ದಣದ್ರ ನಾನೂ ಏನರ ಮಾಡಬಹುದು. ಅದಕ್ಕ ಹಿಂಗ ಬರಸು: ನಾ ಚಲೋ ನೋಡಕೋತೇನಂತ ಬರಸಬ್ಯಾಡ. ನೋಡಕೊಳ್ಳಲಿಲ್ಲಂದ್ರ ನನ್ನ ಕೇಳಲಿಕ್ಕೆ ಒಬ್ಬರು ಇರಬೇಕು, ಹಂಗ ಬರಸು."

ಆ ಮಾತಿಗೆ ಮಥುರಾಬಾಯಿ ಮಗಳನ್ನು ತಲೆ ಎತ್ತಿ ನೋಡಿದಳು. ನೋಡಿಕೊಳ್ಳುತ್ತೇನೆ ಎಂದವರು ಬಹಳ ಮಂದಿ ಸಿಕ್ಕಿದ್ದರು. ತನ್ನನ್ನೇ ನಂಬಬೇಡ ಎಂದವಳು ಇವಳೊಬ್ಬಳೇ.

ಮಧ್ಯಾಹ್ನ ನವೀದ ಮನೆಗೇ ಬಂದ, ಚಿಕ್ಕಮ್ಮನ ಬಾಗಿಲಲ್ಲಿ ಚಪ್ಪಲಿ ಬಿಟ್ಟು. ಎಲ್ಲ ಕೇಳಿ ಬರೆದುಕೊಂಡ. ಮಥುರಾಬಾಯಿಯ ಪಾಲು ಬೋಧುವಿಗೆ. ಅವನು ಇರುವವರೆಗೆ ಮಾರುವಂತಿಲ್ಲ, ಮುಂಭಾಗದ ಬಾಡಿಗೆ ಅವನ ಖರ್ಚಿಗೆ. "ಪಾಲಕರನ್ನ ನೇಮಿಸೋದು ಮೃತ್ಯುಪತ್ರದ ಕೆಲಸ ಅಲ್ಲರಿ. ಅದಕ್ಕ ಬಾಗಲಕೋಟ್ಯಾಗ ಡಿಸಿ ಸಾಹೇಬ್ರ ಸಮಿತಿ ಐತಿ. ಅಕ್ಕಾರ ಹೆಸರಿಗೆ ಅರ್ಜಿ ಹಾಕೋಣು, ನೀವು ಇರುವಾಗನ. ನಿಮ್ಮ ಪೆನ್ಶನ್ ಕಾಗದದಾಗೂ ಬೋಧಣ್ಣನ ಹೆಸರು ಸೇರಸ್ರಿ, ಅಂಗವಿಕಲ ಮಗನಿಗೆ ಮುಂದ ಬರ್ತೈತಿ. ಮೃತ್ಯುಪತ್ರ ರಿಜಿಸ್ಟರ್ ಮಾಡಿಸಲೇಬೇಕಂತಿಲ್ಲ, ಆದ್ರ ಮಾಡಸ್ರಿ. ಇನ್ನ ಕೇಳೋರು ಯಾರಂದ್ರಿ?"

"ವ್ಯಾಸರಾಜ," ಎಂದಳು ಮಥುರಾಬಾಯಿ.

"ಅವನಾ?" ಎಂದಳು ಶುಭದಾ.

"ಅವಗ ಈ ಮನ್ಯಾಗ ಪಾಲು ಏನೂ ಇಲ್ಲ. ಮ್ಯಾಲ ಒಂದು ಸಲ ತಪ್ಪು ಮಾಡ್ಯಾನ. ಇನ್ನ ಅವನಷ್ಟು ಕಣ್ಣಿಟ್ಟು ನೋಡವರು ನಿನಗ ಸಿಗೂದಿಲ್ಲ. ಒಪ್ಪತಾನೋ ಇಲ್ಲೋ, ಫೋನ್ ಮಾಡಿ ಕೇಳ್ತೇನಿ. ಬೈದ್ರ ಬೈಸಕೋತೇನಿ."

ನವೀದ ಹೋದ ಮೇಲೆ ಇನ್ನೊಂದು ಕೆಲಸ ಉಳಿದಿತ್ತು. ಅದನ್ನು ಯಾವ ವಕೀಲನೂ ಬರೆದುಕೊಡುವುದಿಲ್ಲ. ತಮಾಷೆಗೆ ಅಂದ ಒಂದು ಮಾತು ಮಗನಿಂದ ಏನು ಮಾಡಿಸಿತು ಎಂದು ಅವಳು ನೋಡಿದ್ದಳು. ಅವನಿಗೆ ಯಾರೂ ಹೇಳದೆ ಗೊತ್ತಾಗುವುದು ಬೇಡ. ತಾನೇ ಹೇಳಬೇಕು, ಸಮಾಧಾನದಿಂದ, ತನ್ನ ಬಾಯಿಂದಲೇ.

ಬೋಧುವನ್ನು ಎದುರು ಕೂರಿಸಿಕೊಂಡಳು. ಶುಭದಾ ಪಕ್ಕದಲ್ಲೇ ತೊಳೆದ ಬಟ್ಟೆ ಮಡಚುತ್ತಿದ್ದಳು.

"ಬೋಧೂ, ಕೇಳಿಲ್ಲೆ. ಹುನಗುಂದದಾಗ ನಾ ಸತ್ತಿದ್ದಿಲ್ಲ. ಬರೇ ಬೆವರುಗುಳ್ಳಿಗೆ ನಿನ್ನ ಕೂದಲಾ ತಗದ್ರು. ತಿಳೀತೇನು?"

"ಹೂಂ."

"ಆದ್ರ ಮುಂದ ಒಂದು ದಿನ ನಾ ಖರೇನ ಸಾಯ್ತೇನಿ. ಎಲ್ಲಾರೂ ಸಾಯ್ತಾರಲ್ಲ, ಅಪ್ಪ ಸತ್ತಂಗ. ಆವಾಗ ಮತ್ತ ಕೂದಲಾ ತಗೀತಾರ. ನೀ ಅಂಜಬಾರದು. ಶುಭೀ ಬರ್ತಾಳ, ನಿನ್ನ ಕರಕೊಂಡು ಹೋಗ್ತಾಳ. ಆಕಿ ಕಡೆ ಇರಬೇಕು."

ಬೋಧು ಎಲ್ಲವನ್ನೂ ಗಮನವಿಟ್ಟು ಕೇಳಿದ. ಮೀಸೆ ಇದ್ದ ಜಾಗವನ್ನು ಮುಟ್ಟಿಕೊಂಡ. ಆಮೇಲೆ ಅವಳ ಕೈ ತಟ್ಟಿ, ಸಣ್ಣವರಿಗೆ ಧೈರ್ಯ ಹೇಳುವ ಹಾಗೆ ಹೇಳಿದ.

"ಅಂಜಬ್ಯಾಡವಾ. ನಾ ಅನ್ನ ಇಡ್ತೇನಿ. ಕರೀತೇನಿ. ನೀ ಬರ್ತಿ."

"ಇಲ್ಲೋ ಬೋಧೂ. ಆವಾಗ ಬರ್ಲಿಕ್ಕೆ ಆಗೂದಿಲ್ಲ."

"ಬಂದಿದ್ದಿ," ಎಂದ ಅವನು. ತಾಯಿಗೆ ಇಷ್ಟೂ ನೆನಪಿಲ್ಲವಲ್ಲ ಎಂಬ ಹಾಗೆ ನಕ್ಕ. "ಕರದೆ. ಬಂದಿ."

ಒಂದು ವಾರದಲ್ಲಿ ಅವನಿಗೆ ತಾನೇ ಕಲಿಸಿದ ಪಾಠ ಇದು. ನೂರಾರು ಮಕ್ಕಳಿಗೆ ಮಗ್ಗಿ ಕಲಿಸಿದವಳಿಗೆ ಇದನ್ನು ಹೇಗೆ ಅಳಿಸುವುದೆಂದು ತಿಳಿಯಲಿಲ್ಲ. ಶಹರಬಾನು ಹೊರಗಿನಿಂದ "ಮ್ಯಾನೇಜರ್ ಸಾಹೇಬ್ರ, ದಾರ ಕಾಯಾಕತ್ತಾವು," ಎಂದು ಕೂಗಿದಳು. ಬೋಧು ಹಗುರಾಗಿ ಎದ್ದು ಹೋದ.

ಮಡಚಿದ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಶುಭದಾ ಅವನು ಹೋದ ಬಾಗಿಲ ಕಡೆ ನೋಡುತ್ತ ಕುಳಿತಳು. ಅವಳು ಏನನ್ನು ನೋಡುತ್ತಿದ್ದಾಳೆಂದು ಮಥುರಾಬಾಯಿಗೆ ಗೊತ್ತಿತ್ತು: ಬಾಗಲಕೋಟೆಯ ಮನೆ, ಅದರ ಮಾಳಿಗೆ, ಮಾಳಿಗೆಯ ಗೋಡೆಯ ಮೇಲೆ ಎಲೆ, ಎದುರಿಗೆ ಕೈಮುಗಿದ ಬೋಧು. ಎಷ್ಟು ದಿನವೋ. ಕಾಗೆ ಬಂದು ತಿಂದು ಹೋಗುತ್ತದೆ, ಮೆಟ್ಟಿಲೇರಿ ಅವ್ವ ಬರುವುದಿಲ್ಲ.

"ಒಲ್ಲೆ ಅನ್ನೂದಿದ್ರ ಈಗ ಅಂದುಬಿಡವಾ," ಎಂದಳು ಮಥುರಾಬಾಯಿ. "ಕಾಗದ ಇನ್ನೂ ಕಚ್ಚಾ ಅದ."

ಶುಭದಾ ಮೂಗು ಒರೆಸಿಕೊಂಡಳು. "ಅವ ನಿಂತಷ್ಟು ದಿನ ನಾನೂ ಬಾಜೂಕ ನಿಂದರತೇನಿ. ಮತ್ತೇನು ಮಾಡ್ಲಿಕ್ಕೆ ಬರ್ತದ." ಎಂದು ಇನ್ನೊಂದು ಅಂಗಿ ಎಳೆದುಕೊಂಡಳು. ಅದು ಬೋಧುವಿನದು. ಗುಂಡಿ ಒಂದು ಕಿತ್ತುಹೋಗಿತ್ತು. "ಸೂಜಿ ಎಲ್ಲೆ ಇಟ್ಟಿ?" ಎಂದು ಕೇಳಿದಳು.